ಮಿದುಳಿನ ಕಾಡಿನಲ್ಲಿ ದಾರಿ ಕಂಡ ಕಹಾಲ್

ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ನರಕೋಶದ ಚಿತ್ರವನ್ನು ಒಮ್ಮೆಯಾದರೂ ಬಿಡಿಸದವರು ನಮ್ಮಲ್ಲಿ ವಿರಳ. ಒಂದು ಕಡೆ ಮರದ ಕೊಂಬೆಗಳಂತೆ ಕವಲೊಡೆದ ಭಾಗ, ನಡುವೆ ಉದ್ದನೆಯ ತಂತು, ಕೊನೆಯಲ್ಲಿ ಬೇರುಗಳಂತೆ ಹರಡಿಕೊಂಡ ತುದಿ. ಭಾಗಗಳನ್ನು ಗುರುತಿಸಿ ಹೆಸರು ಬರೆದರೆ ಪೂರ್ತಿ ಅಂಕ. ಮಿದುಳು ಇಂಥ ಬಿಡಿ ಬಿಡಿ ಕೋಶಗಳಿಂದ ಆಗಿದೆ ಎಂಬ ಮಾತು ಇಂದು ನಮಗೆ ಎಷ್ಟು ಸಹಜವೆನಿಸುತ್ತದೆಂದರೆ, ಅದನ್ನು ಯಾರಾದರೂ ಹೋರಾಡಿ ಸ್ಥಾಪಿಸಬೇಕಾಗಿತ್ತು ಎಂಬ ಯೋಚನೆಯೇ ಬರುವುದಿಲ್ಲ. ಹಾಗೆ ಹೋರಾಡಿದವರು ಸ್ಪೇನ್ ದೇಶದ ಸಾಂಟಿಯಾಗೊ ರಾಮೋನ್ ಇ ಕಹಾಲ್. ಆಧುನಿಕ ನರವಿಜ್ಞಾನದ ಜನಕ ಎಂದು ಜಗತ್ತು ಅವರನ್ನು ಕರೆಯುತ್ತದೆ.

ಕಹಾಲ್ ಅವರ ಜೀವನವನ್ನು ಸಾಮಾನ್ಯವಾಗಿ ಒಂದು ನೀತಿಕಥೆಯಂತೆ ಹೇಳುವುದು ರೂಢಿ. ಹಿಂದುಳಿದ ದೇಶದ ಬಡ ಪ್ರಾಧ್ಯಾಪಕನೊಬ್ಬ, ಹಣವಿಲ್ಲದೆ, ಗುರುವಿಲ್ಲದೆ, ಕೇವಲ ಛಲದಿಂದ ನೊಬೆಲ್ ಶಿಖರವನ್ನೇರಿದ ಕಥೆ ಅದು. ಪ್ರತಿಭೆಗೆ ಸೌಲಭ್ಯಗಳು ಬೇಕಿಲ್ಲ ಎಂದು ನಂಬುವವರಿಗೆ ಇದು ಬಹಳ ಪ್ರಿಯವಾದ ಉದಾಹರಣೆ. ಆದರೆ ಆ ಬದುಕಿನ ಉತ್ತರಾರ್ಧವನ್ನೂ, ಅವರ ನಿಧನದ ನಂತರ ನಡೆದದ್ದನ್ನೂ ಸೇರಿಸಿ ಓದಿದಾಗ ನನಗೆ ಕಾಣುವುದು ಬೇರೆಯೇ ಪಾಠ. ಅದನ್ನು ಹೇಳುವ ಮುನ್ನ ಕಥೆಯನ್ನು ಮೊದಲಿನಿಂದ ನೋಡಬೇಕು.

ಕಹಾಲ್ ಹುಟ್ಟಿದ್ದು 1852ರ ಮೇ 1ರಂದು, ಸ್ಪೇನಿನ ಈಶಾನ್ಯ ಭಾಗದ ಪೆತೀಯಾ ದೆ ಅರಗೋನ್ ಎಂಬ ಗುಡ್ಡಗಾಡಿನ ಪುಟ್ಟ ಹಳ್ಳಿಯಲ್ಲಿ. ತಂದೆ ಹುಸ್ತೊ ರಾಮೋನ್ ಹಳ್ಳಿಗಾಡಿನ ಕ್ಷೌರಿಕ ವೈದ್ಯನ ಸ್ಥಾನದಿಂದ ಹಟ ಹಿಡಿದು ಓದಿ ಪದವೀಧರ ವೈದ್ಯರಾದವರು. ಮಗನೂ ವೈದ್ಯನಾಗಲೇಬೇಕೆಂಬುದು ಅವರ ನಿಶ್ಚಯ. ಮಗನಿಗಾದರೋ ಚಿತ್ರ ಬರೆಯುವ ಹುಚ್ಚು. ಗೋಡೆ, ಬಾಗಿಲು, ಪುಸ್ತಕದ ಅಂಚು, ಯಾವುದನ್ನೂ ಬಿಟ್ಟವನಲ್ಲ. ಚಿತ್ರಕಲೆಯನ್ನು ಸೋಮಾರಿಗಳ ಕೆಲಸವೆಂದು ಬಗೆದಿದ್ದ ತಂದೆ, ಊರಿಗೆ ಬಂದಿದ್ದ ಗೋಡೆಗೆ ಸುಣ್ಣಬಣ್ಣ ಬಳಿಯುವವನೊಬ್ಬನಿಗೆ ಮಗನ ಚಿತ್ರವನ್ನು ತೋರಿಸಿ ಅಭಿಪ್ರಾಯ ಕೇಳಿದರಂತೆ. ಆತ ಅದನ್ನು ಬರೀ ಗೀಚಾಟವೆಂದು ತಳ್ಳಿಹಾಕಿದ. ಮನೆಯಲ್ಲಿ ಕುಂಚ, ಬಣ್ಣಗಳಿಗೆ ಅಂದಿನಿಂದ ಬಹಿಷ್ಕಾರ.

ಹುಡುಗ ತುಂಟನೂ ಆಗಿದ್ದ. ಹನ್ನೊಂದರ ವಯಸ್ಸಿನಲ್ಲಿ ತಾನೇ ತಯಾರಿಸಿದ ಫಿರಂಗಿಯಿಂದ ನೆರೆಯವರ ತೋಟದ ಬಾಗಿಲನ್ನು ಒಡೆದುಹಾಕಿ ಕೆಲವು ದಿನ ಊರಿನ ಸೆರೆಮನೆಯಲ್ಲಿದ್ದ. ಶಾಲೆಯ ಗಿಳಿಪಾಠ ಅವನಿಗೆ ಒಗ್ಗಲಿಲ್ಲ. ಬುದ್ಧಿ ಕಲಿಯಲೆಂದು ತಂದೆ ಅವನನ್ನು ಕ್ಷೌರದಂಗಡಿಯಲ್ಲಿ, ಆಮೇಲೆ ಚಮ್ಮಾರನ ಬಳಿ ಕೆಲಸಕ್ಕಿಟ್ಟರು. ಕೊನೆಗೆ ದಾರಿ ತೋರಿಸಿದ್ದು ಸ್ಮಶಾನ. 1868ರ ಬೇಸಿಗೆಯಲ್ಲಿ ತಂದೆ ಮಗನನ್ನು ಹಳೆಯ ಸಮಾಧಿಭೂಮಿಗೆ ಕರೆದೊಯ್ದು, ಅಲ್ಲಿ ಸಿಕ್ಕ ಮೂಳೆಗಳನ್ನು ಮನೆಗೆ ತಂದು ಅಂಗರಚನಾಶಾಸ್ತ್ರವನ್ನು ಹೇಳಿಕೊಟ್ಟರು. ಮೂಳೆಯೆಂದರೆ ಹುಡುಗನಿಗೆ ಚಿತ್ರ ಬರೆಯಲು ದೊರೆತ ಹೊಸ ವಸ್ತು. ತಂದೆಯ ಹಟ ಮತ್ತು ಮಗನ ಹುಚ್ಚು ಅಲ್ಲಿ ಮೊದಲ ಬಾರಿಗೆ ರಾಜಿಯಾದವು.

1873ರಲ್ಲಿ ಜರಗೋಜಾ ನಗರದಲ್ಲಿ ವೈದ್ಯ ಪದವಿ ಪಡೆದ ಕಹಾಲ್ ಅವರನ್ನು ಸರ್ಕಾರ ಕಡ್ಡಾಯ ಸೈನಿಕ ಸೇವೆಗೆ ಕರೆಯಿತು. ಮರುವರ್ಷ ಸೇನಾ ವೈದ್ಯರಾಗಿ, ಸ್ವಾತಂತ್ರ್ಯಕ್ಕಾಗಿ ದಂಗೆಯೆದ್ದಿದ್ದ ಕ್ಯೂಬಾಕ್ಕೆ ಹೋದರು. ಅಲ್ಲಿನ ಜೌಗುಪ್ರದೇಶದ ಸೇನಾ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ವೈದ್ಯರನ್ನೂ ಮಲೇರಿಯಾ ಹಿಡಿಯಿತು. ಅಲ್ಲಿ ಅವರು ಕಂಡದ್ದು ಗುಂಡಿಗಿಂತ ಹೆಚ್ಚಾಗಿ ಜ್ವರಕ್ಕೆ, ಆಡಳಿತದ ಭ್ರಷ್ಟಾಚಾರಕ್ಕೆ ಬಲಿಯಾಗುತ್ತಿದ್ದ ಸೈನಿಕರನ್ನು. 1875ರಲ್ಲಿ ಜೀರ್ಣವಾದ ದೇಹದೊಂದಿಗೆ ತಾಯ್ನಾಡಿಗೆ ಮರಳಿದ ಅವರು, ಕ್ಯೂಬಾದ ಸೇವೆಯಿಂದ ಉಳಿದ ಹಣದಲ್ಲಿ ಒಂದು ಸೂಕ್ಷ್ಮದರ್ಶಕವನ್ನು ಕೊಂಡರು. ಕೆಲವೇ ವರ್ಷಗಳಲ್ಲಿ ಕ್ಷಯರೋಗವೂ ತಗುಲಿತು. ಚೇತರಿಸಿಕೊಳ್ಳುವ ಕಾಲದಲ್ಲಿ ಛಾಯಾಗ್ರಹಣದ ಗೀಳು ಹತ್ತಿಸಿಕೊಂಡು, ಫೋಟೊ ಫಲಕಗಳನ್ನು ಮನೆಯಲ್ಲೇ ತಯಾರಿಸುವುದನ್ನು ಕಲಿತರು. ಬೆಳ್ಳಿಯ ಲವಣಗಳ ವರ್ತನೆಯನ್ನು ಹೀಗೆ ಕೈಯಾರೆ ಅರಿತದ್ದು ಮುಂದೆ ಅವರಿಗೆ ದೊಡ್ಡ ಬಂಡವಾಳವಾಯಿತು. 1879ರಲ್ಲಿ ಸಿಲ್ವೇರಿಯಾ ಫನ್ಯಾನಾಸ್ ಅವರನ್ನು ಮದುವೆಯಾದರು. ಏಳು ಮಕ್ಕಳ ಸಂಸಾರವನ್ನು ಅಧ್ಯಾಪಕನ ಅಲ್ಪ ಸಂಬಳದಲ್ಲಿ ತೂಗಿಸಿ, ಗಂಡನ ಪ್ರಯೋಗಗಳಿಗೂ ಹಣ ಉಳಿಸಿಕೊಟ್ಟ ಆ ಮಹಿಳೆಯ ಹೆಸರು ವಿಜ್ಞಾನದ ಇತಿಹಾಸದಲ್ಲಿ ಅಡಿಟಿಪ್ಪಣಿಯಾಗಿ ಉಳಿದಿರುವುದು ನ್ಯಾಯವಲ್ಲ.

ವೆಲೆನ್ಸಿಯಾದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದಾಗ, 1885ರಲ್ಲಿ, ಆ ಪ್ರಾಂತ್ಯವನ್ನು ಕಾಲರಾ ಮಾರಿ ಅಪ್ಪಳಿಸಿತು. ಕಹಾಲ್ ರೋಗಾಣುವಿನ ಅಧ್ಯಯನ ನಡೆಸಿ ವರದಿ ಸಲ್ಲಿಸಿದರು. ಕೃತಜ್ಞತೆಯ ಕುರುಹಾಗಿ ಜರಗೋಜಾ ಪ್ರಾಂತೀಯ ಆಡಳಿತ ಅವರಿಗೆ ಜರ್ಮನಿಯ ಝೈಸ್ ಕಂಪನಿಯ ಉತ್ಕೃಷ್ಟ ಸೂಕ್ಷ್ಮದರ್ಶಕವೊಂದನ್ನು ಉಡುಗೊರೆಯಾಗಿ ಕೊಟ್ಟಿತು. ಬರಿಗೈಯಲ್ಲಿ ಸಾಧಿಸಿದರು ಎನ್ನುವವರು ಈ ಉಡುಗೊರೆಯನ್ನು ಮರೆಯಬಾರದು. ಸಾರ್ವಜನಿಕ ಹಣ ಸರಿಯಾದ ಕೈಗೆ ಸರಿಯಾದ ಹೊತ್ತಿನಲ್ಲಿ ಸೇರಿದ ಅಪರೂಪದ ಪ್ರಸಂಗವಿದು.

ಆ ಕಾಲದ ಮಿದುಳಿನ ವಿಜ್ಞಾನ ಎಲ್ಲಿ ನಿಂತಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದೇಹದ ಎಲ್ಲ ಅಂಗಗಳೂ ಜೀವಕೋಶಗಳಿಂದ ಆಗಿವೆಯೆಂದು ವಿಜ್ಞಾನಿಗಳು ಅಷ್ಟರಲ್ಲಿ ಒಪ್ಪಿದ್ದರೂ ಮಿದುಳನ್ನು ಮಾತ್ರ ಅಪವಾದವೆಂದು ಭಾವಿಸಿದ್ದರು. ಅಲ್ಲಿನ ತಂತುಗಳು ಒಂದರೊಳಗೊಂದು ಬೆಸೆದುಕೊಂಡು, ಮೊದಲೂ ಕೊನೆಯೂ ಇಲ್ಲದ ಒಂದೇ ಬಲೆಯಾಗಿವೆ ಎಂಬುದು ಪ್ರಬಲವಾದ ಅಭಿಪ್ರಾಯ. ಅದಕ್ಕೆ ಕಾರಣವೂ ಇತ್ತು. ಮಿದುಳಿನ ತೆಳು ಸೀಳಿಗೆ ಬಣ್ಣ ಹಾಕಿ ನೋಡಿದರೆ ಲೆಕ್ಕವಿಲ್ಲದಷ್ಟು ತಂತುಗಳು ಒಟ್ಟಿಗೆ ಬಣ್ಣ ಹೀರಿ, ಎಲ್ಲವೂ ಗೋಜಲಾಗಿ ಕಾಣುತ್ತಿತ್ತು. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಗಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಜೀವಕೋಶದ ಪಾಠದಲ್ಲಿ ನಾವು ಓದುವ ಗಾಲ್ಗಿ ಸಂಕೀರ್ಣಕ್ಕೆ ಹೆಸರು ಕೊಟ್ಟವರೂ ಇವರೇ. ವಾಸಿಯಾಗದ ರೋಗಿಗಳ ಆಸ್ಪತ್ರೆಯೊಂದರ ಅಡುಗೆಮನೆಯನ್ನು ಪ್ರಯೋಗಾಲಯವಾಗಿಸಿಕೊಂಡಿದ್ದ ಅವರು, ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ನೆನೆಸಿ, ಆಮೇಲೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದರು. ಸಾವಿರಾರು ಕೋಶಗಳ ನಡುವೆ ಕೆಲವೇ ಕೆಲವು ಮಾತ್ರ, ಇಡಿಯಾಗಿ, ಹಳದಿ ಹಿನ್ನೆಲೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದಂತೆ ಎದ್ದು ಕಂಡವು. ಆದರೆ ಈ ವಿಧಾನ ಒಮ್ಮೆ ಕೈಗೂಡಿದರೆ ಇನ್ನೊಮ್ಮೆ ಕೈಕೊಡುತ್ತಿದ್ದುದರಿಂದ ಹೆಚ್ಚಿನವರು ಅದನ್ನು ಕೈಬಿಟ್ಟರು. ಗಾಲ್ಗಿ ಮಾತ್ರ ಬಲೆಯ ಸಿದ್ಧಾಂತವನ್ನು ಬಿಡಲಿಲ್ಲ.

1887ರಲ್ಲಿ ಮ್ಯಾಡ್ರಿಡ್‌ಗೆ ಹೋಗಿದ್ದ ಕಹಾಲ್ ಅವರಿಗೆ ಲೂಯಿಸ್ ಸಿಮಾರೊ ಎಂಬ ವೈದ್ಯ ಗಾಲ್ಗಿ ವಿಧಾನದ ಒಂದು ಮಾದರಿಯನ್ನು ತೋರಿಸಿದರು. ಅದನ್ನು ನೋಡಿದ ಕ್ಷಣದಿಂದ ಕಹಾಲ್ ಬದುಕಿನ ದಿಕ್ಕು ಬದಲಾಯಿತು. ಅದೇ ವರ್ಷ ಬಾರ್ಸಿಲೋನಾಕ್ಕೆ ಬಂದ ಅವರು ವಿಧಾನವನ್ನು ಸುಧಾರಿಸಿ, ಒಂದೇ ತುಣುಕನ್ನು ಎರಡು ಬಾರಿ ಬೆಳ್ಳಿ ದ್ರಾವಣಕ್ಕೆ ಒಡ್ಡಿದರು. ಅದಕ್ಕಿಂತ ಮುಖ್ಯವಾದದ್ದು ಅವರ ಇನ್ನೊಂದು ಉಪಾಯ. ಬೆಳೆದ ಪ್ರಾಣಿಯ ಮಿದುಳನ್ನು ಬಿಟ್ಟು ಭ್ರೂಣ ಮತ್ತು ಮರಿಗಳ ಮಿದುಳನ್ನು ಅವರು ಆರಿಸಿಕೊಂಡರು. ಬೆಳೆದ ನರತಂತುಗಳನ್ನು ಕೊಬ್ಬಿನಂಥ ಮಯಲಿನ್ ಹೊದಿಕೆ ಮುಚ್ಚುತ್ತದೆ. ಬೆಳ್ಳಿ ಅದರೊಳಗೆ ಇಳಿಯುವುದಿಲ್ಲ. ಎಳೆಯ ಮಿದುಳಿನಲ್ಲಿ ಆ ಹೊದಿಕೆ ಇನ್ನೂ ಮೂಡಿರುವುದಿಲ್ಲ, ತಂತುಗಳು ಗಿಡ್ಡವಾಗಿ ವಿರಳವಾಗಿರುತ್ತವೆ. ದಟ್ಟ ಕಾಡಿನೊಳಗೆ ಮರಗಳನ್ನು ಬಿಡಿಸಿ ನೋಡಲು ಹೆಣಗುವ ಬದಲು ಸಸಿಮಡಿಗೆ ಹೋಗಬಾರದೇಕೆ ಎಂಬುದು ಅವರದೇ ವಾದವಾಗಿತ್ತು.

ಫಲ ದೊರೆತದ್ದು 1888ರಲ್ಲಿ. ಹಕ್ಕಿಗಳ ಕಿರುಮಿದುಳಿನಲ್ಲಿ ನರತಂತುಗಳು ಇತರ ಕೋಶಗಳ ಸುತ್ತ ಬುಟ್ಟಿಯಂತೆ ಹೆಣೆದುಕೊಂಡು, ಅಲ್ಲಿಯೇ ಕೊನೆಗೊಳ್ಳುವುದನ್ನು ಅವರು ಕಂಡರು. ಎಲ್ಲಿಯೂ ಬೆಸುಗೆಯಿಲ್ಲ. ಪ್ರತಿ ನರಕೋಶವೂ ಸ್ವತಂತ್ರ. ಒಂದು ಇನ್ನೊಂದನ್ನು ಸಮೀಪಿಸುತ್ತದೆಯೇ ಹೊರತು ಅದರಲ್ಲಿ ಲೀನವಾಗುವುದಿಲ್ಲ. ಮುಂದಿನ ಮೂರು ವರ್ಷಗಳಲ್ಲಿ ಶೋಧಗಳ ಸುರಿಮಳೆಯಾಯಿತು. ಬೆಳೆಯುತ್ತಿರುವ ನರತಂತುವಿನ ತುದಿಯಲ್ಲಿ ದಾರಿ ಹುಡುಕುತ್ತ ಸಾಗುವ ಶಂಕುವಿನಾಕಾರದ ರಚನೆಯನ್ನು ಅವರು ಗುರುತಿಸಿದರು. ಸತ್ತ ಅಂಗಾಂಶದಲ್ಲಿ ಅವರು ಊಹಿಸಿದ ಆ ಚಲನೆಯನ್ನು ಅಮೆರಿಕದ ರಾಸ್ ಹ್ಯಾರಿಸನ್ ಜೀವಂತ ನರತಂತುವಿನಲ್ಲಿ ಕಣ್ಣಾರೆ ಕಂಡದ್ದು 1907ರಲ್ಲಿ. ನರಕೋಶದ ಕವಲುಗಳು ಸಂದೇಶವನ್ನು ಸ್ವೀಕರಿಸುತ್ತವೆ, ಉದ್ದನೆಯ ತಂತು ಅದನ್ನು ಮುಂದಕ್ಕೆ ಒಯ್ಯುತ್ತದೆ ಎಂಬ ಏಕಮುಖ ಸಂಚಾರದ ತತ್ತ್ವವನ್ನೂ ಅವರು ಮಂಡಿಸಿದರು. ತಮ್ಮ ಚಿತ್ರಗಳ ಮೇಲೆ ಪುಟ್ಟ ಬಾಣಗಳನ್ನು ಹಾಕಿ, ನಿಶ್ಚಲವಾದ ಅಂಗಾಂಶದಲ್ಲಿ ಸಂದೇಶ ಹರಿಯುವ ದಿಕ್ಕನ್ನು ತೋರಿಸಿದರು. ತಂದೆ ನಿಷೇಧಿಸಿದ್ದ ಚಿತ್ರಕಲೆ ಹೀಗೆ ವಿಜ್ಞಾನದ ಸಾಧನವಾಯಿತು.

ಕಂಡದ್ದನ್ನು ಜಗತ್ತಿಗೆ ತಿಳಿಸುವುದು ಇನ್ನೂ ಕಷ್ಟದ ಕೆಲಸವಾಗಿತ್ತು. ಪ್ರಕಟಣೆಗೆ ಕಾಯುವ ತಾಳ್ಮೆಯಿಲ್ಲದ ಕಹಾಲ್ 1888ರ ಮೇ ತಿಂಗಳಲ್ಲಿ ಸ್ವಂತ ಖರ್ಚಿನಿಂದ ಒಂದು ತ್ರೈಮಾಸಿಕವನ್ನು ಆರಂಭಿಸಿದರು. ಲೇಖಕ, ಸಂಪಾದಕ, ಚಿತ್ರಕಾರ, ಪ್ರಕಾಶಕ ಎಲ್ಲವೂ ಅವರೇ. ಅಚ್ಚಾದದ್ದು 60 ಪ್ರತಿ. ಬಹುಪಾಲು ವಿದೇಶಿ ವಿದ್ವಾಂಸರಿಗೆ ಅಂಚೆಯಲ್ಲಿ ಹೋದವು. ಉತ್ತರಗಳು ಬರಲಿಲ್ಲ. ವಿಜ್ಞಾನದ ಭಾಷೆ ಅಂದು ಜರ್ಮನ್. ಸ್ಪ್ಯಾನಿಷ್ ಓದುವ ಅಂಗರಚನಾ ತಜ್ಞರು ಯುರೋಪಿನಲ್ಲಿ ಬೆರಳೆಣಿಕೆಯಷ್ಟು. ಕೊನೆಗೆ ತಮ್ಮ ಬರಹಗಳನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸತೊಡಗಿದ ಅವರು, 1889ರ ಅಕ್ಟೋಬರಿನಲ್ಲಿ ಸೂಕ್ಷ್ಮದರ್ಶಕವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಬರ್ಲಿನ್‌ನ ಅಂಗರಚನಾ ಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೊರಟರು. ಮೊದಮೊದಲು ಯಾರೂ ಅವರ ಮೇಜಿನ ಬಳಿ ಸುಳಿಯಲಿಲ್ಲ. ಹರುಕು ಮುರುಕು ಫ್ರೆಂಚಿನಲ್ಲಿ ಮಾತನಾಡುತ್ತ, ಆ ಕಾಲದ ಹಿರಿಯ ವಿಜ್ಞಾನಿ ಆಲ್ಬರ್ಟ್ ಕೋಲಿಕರ್ ಅವರನ್ನೇ ಕರೆತಂದು ಮಸೂರದ ಮುಂದೆ ಕೂರಿಸಿದರು. ಎಪ್ಪತ್ತು ದಾಟಿದ್ದ ಕೋಲಿಕರ್ ನೋಡಿದರು, ಒಪ್ಪಿದರು. ಬಲೆಯ ಸಿದ್ಧಾಂತವನ್ನು ಕೈಬಿಟ್ಟು, ಕಹಾಲ್ ಬರಹಗಳನ್ನು ಓದಲೆಂದೇ ಸ್ಪ್ಯಾನಿಷ್ ಕಲಿತರು. ಕನ್ನಡದಲ್ಲಿ ವಿಜ್ಞಾನ ಸಾಧ್ಯವೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಹೊಸದಾಗಿ ಹೇಳುವುದು ಇದ್ದರೆ ಭಾಷೆ ಹುಡುಕಿಕೊಂಡು ಜನ ಬರುತ್ತಾರೆ ಎಂಬುದು ಅದರ ಒಂದು ಮುಖ. ಹೊರಗಿನವರ ಮೇಜಿನ ಮೇಲೆ ನಾವೇ ಕೊಂಡೊಯ್ದು ಇಡಬೇಕಾಗುತ್ತದೆ ಎಂಬುದು ಇನ್ನೊಂದು ಮುಖ.

ಆಮೇಲೆ ಮನ್ನಣೆಗಳು ಬಂದವು. 1891ರಲ್ಲಿ ಜರ್ಮನಿಯ ವಾಲ್ಡೆಯರ್ ಈ ಸ್ವತಂತ್ರ ಘಟಕಕ್ಕೆ ನ್ಯೂರಾನ್ ಎಂಬ ಹೆಸರಿಟ್ಟರು. 1892ರಲ್ಲಿ ಕಹಾಲ್ ಮ್ಯಾಡ್ರಿಡ್‌ನ ಪ್ರಾಧ್ಯಾಪಕರಾದರು. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಗೌರವ ಉಪನ್ಯಾಸ ನೀಡಿದರು. ಎರಡು ನರಕೋಶಗಳು ಸಂಧಿಸುವ ಎಡೆಗೆ ಚಾರ್ಲ್ಸ್ ಶೆರಿಂಗ್ಟನ್ ಅವರಿಂದ 1897ರಲ್ಲಿ ಸಿನಾಪ್ಸ್ ಎಂಬ ಹೆಸರು ಬಂತು. 1906ರಲ್ಲಿ ನೊಬೆಲ್ ಪ್ರಶಸ್ತಿಯ ತಂತಿ ಬಂದಾಗ ಕಹಾಲ್ ಅದನ್ನು ವಿದ್ಯಾರ್ಥಿಗಳ ಕುಚೇಷ್ಟೆಯೆಂದು ಭಾವಿಸಿ ಮತ್ತೆ ಮಲಗಿಬಿಟ್ಟರಂತೆ. ಪ್ರಶಸ್ತಿಯನ್ನು ಹಂಚಿಕೊಂಡವರು ಗಾಲ್ಗಿ. ಸ್ಟಾಕ್‌ಹೋಮಿನ ವೇದಿಕೆಯಲ್ಲಿ ಗಾಲ್ಗಿ ತಮ್ಮ ಉಪನ್ಯಾಸವನ್ನು ನ್ಯೂರಾನ್ ಸಿದ್ಧಾಂತದ ಖಂಡನೆಗೇ ಮೀಸಲಿಟ್ಟರು. ಮರುದಿನ ಅದೇ ವಿಧಾನದಿಂದ ಪಡೆದ ಸಾಕ್ಷ್ಯಗಳನ್ನು ಮುಂದಿಟ್ಟು ಕಹಾಲ್ ಅದಕ್ಕೆ ವಿರುದ್ಧವಾದ ತೀರ್ಮಾನವನ್ನು ಮಂಡಿಸಿದರು. ಒಂದೇ ಸಾಧನವನ್ನು ಹಿಡಿದ ಇಬ್ಬರು ಮೇಧಾವಿಗಳಿಗೆ ಎರಡು ಮಿದುಳುಗಳು ಕಂಡವು. ನರಕೋಶಗಳ ನಡುವಿನ ಅತಿ ಸಣ್ಣ ತೆರಪನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ 1950ರ ದಶಕದಲ್ಲಿ ತೋರಿಸಿದಾಗ ವಿವಾದ ಇತ್ಯರ್ಥವಾಯಿತು. ಪ್ರಕೃತಿಗೆ ಮಾತ್ರ ಇಂಥ ಅಂತಿಮ ತೀರ್ಪುಗಳಲ್ಲಿ ನಂಬಿಕೆಯಿಲ್ಲ. ಕೆಲವು ನರಕೋಶಗಳ ನಡುವೆ ನೇರ ವಿದ್ಯುತ್ ಸಂಪರ್ಕವಿರುವುದು ಅದೇ ದಶಕದಲ್ಲಿ ತಿಳಿಯಿತು. ಕೋಂಬ್ ಜೆಲ್ಲಿ ಎಂಬ ಕಡಲಜೀವಿಯ ನರಜಾಲದಲ್ಲಿ ತಂತುಗಳು ನಿಜಕ್ಕೂ ಒಂದರೊಳಗೊಂದು ಬೆಸೆದಿರುವುದನ್ನು 2023ರಲ್ಲಿ ಸಂಶೋಧಕರು ವರದಿ ಮಾಡಿದರು. ಗಾಲ್ಗಿ ಪೂರ್ತಿ ಸೋತರೆಂದೂ ಹೇಳುವಂತಿಲ್ಲ.

ಕಹಾಲ್ ಕೂಡ ದೋಷಗಳಿಲ್ಲದ ಮನುಷ್ಯರಾಗಿರಲಿಲ್ಲ. ಅವರ ಪ್ರಯೋಗಾಲಯದ ಪೀಯೊ ದೆಲ್ ರಿಯೊ ಒರ್ತೇಗಾ 1919ರಲ್ಲಿ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾವನ್ನು ಗುರುತಿಸಿದಾಗ, ಅದು ಗುರುವಿನ ವಿವರಣೆಯನ್ನೇ ತಿದ್ದುವಂತಿತ್ತು. ಸಂಬಂಧ ಹಳಸಿತು, 1920ರಲ್ಲಿ ಶಿಷ್ಯ ಪ್ರಯೋಗಾಲಯದಿಂದ ಹೊರಬೀಳಬೇಕಾಯಿತು. ಆದರೂ ಕಹಾಲ್ ಮುಖ್ಯಸ್ಥರಾಗಿದ್ದ ಸಂಸ್ಥೆಯೇ ಆ ಶಿಷ್ಯನಿಗೆ ಬೇರೊಂದು ಪ್ರಯೋಗಾಲಯವನ್ನು ಒದಗಿಸಿತು. ಆ ಸಂಸ್ಥೆಯ ಕಥೆಯೇ ನನ್ನ ದೃಷ್ಟಿಯಲ್ಲಿ ಕಹಾಲ್ ಜೀವನದ ತಿರುಳು.

1898ರಲ್ಲಿ ಸ್ಪೇನ್ ಅಮೆರಿಕದೊಂದಿಗಿನ ಯುದ್ಧದಲ್ಲಿ ಸೋತು ಕ್ಯೂಬಾವನ್ನು ಕಳೆದುಕೊಂಡಿತು. ಜ್ವರದಲ್ಲಿ ಬೆಂದು ಬಂದಿದ್ದ ನೆಲವದು. ಕಹಾಲ್ ಕೆಲಕಾಲ ಕೆಲಸವನ್ನೇ ಮಾಡಲಾರದೆ ಕುಸಿದರು. ದೇಶದ ಸೋಲಿಗೆ ಸೈನಿಕರ ಅಂಜಿಕೆ ಕಾರಣವಲ್ಲ, ಪ್ರಯೋಗಾಲಯಗಳ ಅಭಾವ ಕಾರಣ ಎಂಬ ತೀರ್ಮಾನಕ್ಕೆ ಅವರು ಬಂದರು. 1900ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದ ಮಾಸ್ಕೋ ಪ್ರಶಸ್ತಿ ಬಂದಾಗ ನಾಚಿಕೊಂಡ ಸರ್ಕಾರ ಅವರಿಗಾಗಿ ಒಂದು ಪ್ರಯೋಗಾಲಯ ಸ್ಥಾಪಿಸಿತು. ವಾರ್ಷಿಕ 10,000 ಪೆಸೆಟಾ ವೇತನ ಅತಿಯಾಯಿತೆಂದು ಹೇಳಿ ಅವರು ಅದನ್ನು 6,000ಕ್ಕೆ ಇಳಿಸಿಕೊಂಡರು. ಶಿಕ್ಷಣ ಮಂತ್ರಿಯ ಪದವಿ ಅರಸಿ ಬಂದಾಗ ನಿರಾಕರಿಸಿದರು. 1907ರಲ್ಲಿ ಮಾತ್ರ, ಉನ್ನತ ವ್ಯಾಸಂಗ ಮತ್ತು ಸಂಶೋಧನೆಗಾಗಿ ಸರ್ಕಾರ ರಚಿಸಿದ ಮಂಡಳಿಯ ಅಧ್ಯಕ್ಷ ಸ್ಥಾನವನ್ನು ಒಪ್ಪಿಕೊಂಡು ಎರಡು ದಶಕಗಳಿಗೂ ಹೆಚ್ಚು ಕಾಲ ಅದನ್ನು ನಡೆಸಿದರು. ತರುಣ ವಿದ್ವಾಂಸರನ್ನು ವಿದ್ಯಾರ್ಥಿವೇತನ ಕೊಟ್ಟು ವಿದೇಶಗಳಿಗೆ ಕಳುಹಿಸುವುದು, ಅವರು ಮರಳಿದಾಗ ಕೆಲಸ ಮಾಡಲು ಪ್ರಯೋಗಾಲಯ ಇರುವಂತೆ ನೋಡಿಕೊಳ್ಳುವುದು, ಇವೆರಡೂ ಆ ಮಂಡಳಿಯ ಕೆಲಸ. ತಾವು ಒಂಟಿಯಾಗಿ ನಡೆದ ದಾರಿಯಲ್ಲಿ ಇನ್ನಾರೂ ಒಂಟಿಯಾಗಿ ನಡೆಯಬಾರದು ಎಂದು ಅವರು ಬಯಸಿದರು.

1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ಕಹಾಲ್ ತೀರಿಕೊಂಡರು. ಎರಡೇ ವರ್ಷಗಳಲ್ಲಿ ಅಂತರ್ಯುದ್ಧ ಭುಗಿಲೆದ್ದಿತು. 1939ರಲ್ಲಿ ಗೆದ್ದು ಬಂದ ಫ್ರಾಂಕೊ ಆಡಳಿತದಡಿ ಅವರ ಮಂಡಳಿ ಇಲ್ಲವಾಗಿ, ಅದರ ಆಸ್ತಿಪಾಸ್ತಿ ಹೊಸ ಸರ್ಕಾರಿ ಸಂಸ್ಥೆಯೊಂದಕ್ಕೆ ಸೇರಿತು. ಪ್ರಯೋಗಾಲಯದಲ್ಲಿ ಅವರ ಉತ್ತರಾಧಿಕಾರಿಯಾಗಿದ್ದ ಫ್ರಾನ್ಸಿಸ್ಕೊ ತೆಯೊ ಹುದ್ದೆ ಕಳೆದುಕೊಂಡರು. ರಿಯೊ ಒರ್ತೇಗಾ ದೇಶ ಬಿಟ್ಟು, 1945ರಲ್ಲಿ ಅರ್ಜೆಂಟೀನಾದಲ್ಲಿ ನಿಧನರಾದರು. ಕಹಾಲ್ ಬರಹಗಳಿಂದ ಪ್ರೇರಣೆ ಪಡೆದು, ಅದೇ ಮಂಡಳಿಯ ಆಶ್ರಯದಲ್ಲಿ ಬೆಳೆದ ಸೆವೆರೊ ಒಚೋವಾ 1936ರಲ್ಲಿ ಸ್ಪೇನ್ ತೊರೆದರು; 1959ರಲ್ಲಿ ವೈದ್ಯಕೀಯ ನೊಬೆಲ್ ಪಡೆದಾಗ ಅವರು ಅಮೆರಿಕದ ಪ್ರಜೆಯಾಗಿದ್ದರು. ಒಬ್ಬ ವ್ಯಕ್ತಿ ಅರ್ಧ ಶತಮಾನ ಬೆವರು ಸುರಿಸಿ ಕಟ್ಟಿದ್ದನ್ನು ಮೂರು ವರ್ಷಗಳ ಹಿಂಸೆ ಮತ್ತು ಅದರ ನಂತರದ ಶುದ್ಧೀಕರಣ ಚದುರಿಸಿದವು.

ಅವರ ಚಿತ್ರಗಳು ಮಾತ್ರ ಉಳಿದವು. ಸಾವಿರಾರು ಸಂಖ್ಯೆಯಲ್ಲಿರುವ ಅವು ಇಂದಿಗೂ ಪಠ್ಯಪುಸ್ತಕಗಳಲ್ಲಿ ಅಚ್ಚಾಗುತ್ತಿವೆ. ಕಹಾಲ್ ಮತ್ತು ಅವರ ಶಿಷ್ಯರ ದಾಖಲೆಗಳನ್ನು ಯುನೆಸ್ಕೊ 2017ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. 2024ರಲ್ಲಿ ವಿಜ್ಞಾನಿಗಳು ಬೆಳೆದ ಹಣ್ಣುನೊಣದ ಇಡೀ ಮಿದುಳಿನ ನಕ್ಷೆಯನ್ನು ಪ್ರಕಟಿಸಿದರು. ಗಸಗಸೆ ಕಾಳಿನಷ್ಟಿರುವ ಆ ಮಿದುಳಿನಲ್ಲಿ 1,39,255 ನರಕೋಶಗಳು, ಸುಮಾರು 5 ಕೋಟಿ ಸಂಧಿಗಳು. ಕಹಾಲ್ ಒಬ್ಬರೇ ಪೆನ್ಸಿಲ್ ಹಿಡಿದು ಆರಂಭಿಸಿದ ಕೆಲಸಕ್ಕೆ ಇಲ್ಲಿ ನೂರಾರು ಸಂಶೋಧಕರು, ಕಂಪ್ಯೂಟರುಗಳು, ಹಲವು ದೇಶಗಳ ಪ್ರಯೋಗಾಲಯಗಳು ಒಂದಾಗಬೇಕಾಯಿತು.

ಸೌಲಭ್ಯವಿಲ್ಲದೆಯೂ ಪ್ರತಿಭೆ ಅರಳುತ್ತದೆ ಎಂಬುದಕ್ಕೆ ಕಹಾಲ್ ಸಾಕ್ಷಿಯೆನ್ನುವವರ ಮಾತು ಸುಳ್ಳಲ್ಲ. ಆದರೆ ಅಂಥ ಪ್ರತಿಭೆ ಶತಮಾನಕ್ಕೊಮ್ಮೆ ಅರಳುತ್ತದೆ, ಅದಕ್ಕೆ ತೆರಬೇಕಾದ ಬೆಲೆಯೂ ಅಪಾರ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಕಹಾಲ್. ಆದ್ದರಿಂದಲೇ ಅವರು ತಮ್ಮ ಕಷ್ಟವನ್ನು ಇತರರಿಗೆ ಆದರ್ಶವೆಂದು ಬೋಧಿಸಲಿಲ್ಲ. ಆ ಕಷ್ಟವನ್ನು ನಿವಾರಿಸುವ ವ್ಯವಸ್ಥೆಯನ್ನು ಕಟ್ಟಲು ಹೊರಟರು. ಸೌಕರ್ಯಗಳಿಲ್ಲದ ಪ್ರಯೋಗಾಲಯಗಳಲ್ಲಿ, ತಿಂಗಳುಗಟ್ಟಲೆ ತಡವಾಗಿ ಬರುವ ವಿದ್ಯಾರ್ಥಿವೇತನದಲ್ಲಿ ದುಡಿಯುವ ಇಂದಿನ ತರುಣ ಸಂಶೋಧಕರಿಗೆ ತ್ಯಾಗದ ಉಪದೇಶ ಮಾಡುವ ಮುನ್ನ, ಕಹಾಲ್ ಅವರನ್ನು ಉದಾಹರಿಸುವ ಮುನ್ನ, ನಾವು ಆ ಬದುಕನ್ನು ಕೊನೆಯ ಪುಟದವರೆಗೂ ಓದಬೇಕು.